ಹಳೇ ಸಾಮಾನು, ಭಾಗ 6: ಕಪ್ಪೆ ಕಟ್ಟುತ್ತಿದ್ದ ಹಿತ್ತಾಳೆ ಪಟ್ಟಿ

ಮೊದಲೇ ಹೇಳಿಬಿಡ್ತೀನಿ, ನಾನು ಬಿಕಾಂ. ಸೈನ್ಸ್‌ನವರು ಕಾಮೆಂಟಲ್ಲಿ ಜಗಳಕ್ಕೆ ಬರೋದಿದ್ರೆ ಬನ್ನಿ.

ಹಳೇ ಇಂಗ್ಲಿಷ್ ಮೈಕ್ರೋಸ್ಕೋಪ್‌ಗಳ ರೀಲ್ಸ್ ನೀವೂ ನೋಡಿರ್ತೀರಿ. ಮರದ ಪೆಟ್ಟಿಗೆ, ಫಳಫಳ ಹಿತ್ತಾಳೆ, ಹಿಂದೆ ಪಿಯಾನೋ, ಕೆಳಗೆ ‘ವಿಂಟೇಜ್’ ಅಂತ ಒಂದೇ ಪದ. ಡ್ರಾಯರ್‌ನಲ್ಲಿರೋ ಚಿಕ್ಕ ಚಿಕ್ಕ ಸಾಮಾನು ಏನಕ್ಕೆ ಅಂತ ಹೇಳೋದೇ ಇಲ್ಲ. ನನ್ನ ತಕರಾರು ಅದೇ.

18ನೇ ಶತಮಾನದ ಲಂಡನ್ನಿನ ಪೆಟ್ಟಿಗೆ ತಗೊಳ್ಳಿ. ಅದರಲ್ಲಿ ಸ್ಲೈಡ್ ಅಂದ್ರೆ ದಂತದ ಅಥವಾ ಮೂಳೆಯ ಪಟ್ಟಿ, ಸಾಲಾಗಿ ತೂತುಗಳು. ಪ್ರತಿ ತೂತಿಗೂ ಕಾಗೆಬಂಗಾರದ ಎರಡು ತೆಳು ಬಿಲ್ಲೆ, ಮಧ್ಯೆ ಒಂದು ಚಿಗಟವೋ ನೊಣದ ರೆಕ್ಕೆಯೋ, ಬೀಳದ ಹಾಗೆ ಮೇಲೊಂದು ತಂತಿ ಬಳೆ. ಹುಳು ಹಿಡಿಯೋಕೆ ಪುಟ್ಟ ಇಕ್ಕಳ. ಅದರ ಇನ್ನೊಂದು ತುದಿಗೆ ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಇರೋ ಬಿಲ್ಲೆ: ಬಿಳಿ ವಸ್ತು ಕಪ್ಪಿನ ಮೇಲೆ, ಕಪ್ಪು ವಸ್ತು ಬಿಳಿಯ ಮೇಲೆ. ಜೀರುಂಡೆ ಬೆನ್ನಿನಂಥ, ಬೆಳಕು ದಾಟದ ವಸ್ತುವಿಗೆ ಲೀಬರ್‌ಕ್ಯೂನ್ ಅನ್ನೋ ಗುಳಿ ಕನ್ನಡಿ. ಲೆನ್ಸ್ ಸುತ್ತ ಕೂತು, ಕೆಳಗಿಂದ ಬಂದ ಬೆಳಕನ್ನ ವಸ್ತುವಿನ ಮೇಲಕ್ಕೇ ವಾಪಸ್ ಹೊಡೆಯುತ್ತೆ. ಎಂಥ ತಲೆ ಅಲ್ವಾ!

ಈಗ ಅದೇ ಡ್ರಾಯರ್‌ನ ಉದ್ದ ಪಟ್ಟಿ. ಜೀವಂತ ಕಪ್ಪೆಯನ್ನ ಬಟ್ಟೆ ಚೀಲಕ್ಕೆ ಹಾಕಿ, ಒಂದು ಹಿಂಗಾಲು ಮಾತ್ರ ಹೊರಗೆಳೆದು, ಚೀಲ ಸಮೇತ ಇದಕ್ಕೆ ಕಟ್ಟುತ್ತಿದ್ದರು. ಬೆರಳುಗಳಿಗೆ ದಾರ ಕಟ್ಟಿ ಅಂಚಿನ ತೂತುಗಳ ಕಡೆ ಎಳೆದರೆ, ಬೆರಳ ನಡುವಿನ ತೆಳು ಚರ್ಮ ಬಿಚ್ಚಿಕೊಳ್ಳುತ್ತೆ. ಅದರೊಳಗೆ ರಕ್ತದ ಕಣಗಳು ಓಡೋದು ಕಾಣುತ್ತೆ. ಮೀನಿಗೂ ಇಂಥದ್ದೇ ಇತ್ತು, ಬಾಲ ನೋಡೋಕೆ.

‘ಆ ಕಾಲವೇ ಹಾಗೆ ಬಿಡು’ ಅಂತೀರಾ? ಅರ್ಧ ಒಪ್ತೀನಿ. ರಕ್ತ ದೇಹದಲ್ಲಿ ಸುತ್ತುತ್ತೆ ಅಂತ ವಿಲಿಯಂ ಹಾರ್ವೆ 1628ರಲ್ಲಿ ಬರೆದಾಗ, ಅಪಧಮನಿಯಿಂದ ಅಭಿಧಮನಿಗೆ ಅದು ದಾಟೋ ದಾರಿ ಅವನಿಗೆ ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಆ ಸಣ್ಣ ನಾಳಗಳನ್ನ ಕಂಡಿದ್ದು ಕಪ್ಪೆಯ ಶ್ವಾಸಕೋಶದಲ್ಲೇ. ಆ ಋಣ ಇದೆ. ಆದರೆ ನೂರು, ಇನ್ನೂರು ವರ್ಷ ಕಳೆದ ಮೇಲೂ, ಗೊತ್ತಿರೋದನ್ನೇ ಸಂಜೆ ಹೊತ್ತು ಮನೆಗೆ ಬಂದ ನೆಂಟರಿಗೆ ತೋರಿಸೋಕೆ ಕಟ್ಟಿದ ಕಪ್ಪೆ ಯಾವ ಲೆಕ್ಕಕ್ಕೆ? ಬರೀ ‘ವಿಂಟೇಜ್’ ಅಂದ್ರೆ, ಬ್ಯಾಲೆನ್ಸ್ ಶೀಟಲ್ಲಿ ಅಸೆಟ್ ಬರೆದು ಲಯಬಿಲಿಟಿ ಕಡೆ ಖಾಲಿ ಬಿಟ್ಟ ಹಾಗೆ. ನಮ್ಮ ಕ್ಲಾಸಲ್ಲಿ ಇದಕ್ಕೆ ಸೊನ್ನೆ ಮಾರ್ಕ್ಸ್.

ಹಾಗಂತ ಈ ಪಟ್ಟಿಗಳನ್ನ ಬಚ್ಚಿಡಿ, ಕರಗಿಸಿ ಅಂತಿಲ್ಲ. ಬಚ್ಚಿಟ್ಟರೆ ಕಪ್ಪೆಯ ಕತೆಯೂ ಹೋಗುತ್ತೆ. ತೋರಿಸಿ, ಮಾರೋದಾದ್ರೆ ಮಾರಿ, ಪಕ್ಕದಲ್ಲಿ ಒಂದು ಸಾಲು ಬರೀರಿ: ‘ಇದಕ್ಕೆ ಜೀವಂತ ಕಪ್ಪೆ ಕಟ್ಟುತ್ತಿದ್ದರು.’ ದಂತದ ಪಟ್ಟಿ ಪಕ್ಕ ‘ಆನೆ’ ಅಂತ ಬರೀರಿ. ಲೈಕ್ಸ್ ಕಮ್ಮಿ ಆದ್ರೆ ಆಗಲಿ.

ಇಂಥ ರೀಲ್ ಕಂಡ್ರೆ ನನ್ನ ಟ್ಯಾಗ್ ಮಾಡಿ. ಆ ಸಾಲು ಕಾಮೆಂಟಲ್ಲಿ ನಾನೇ ಹಾಕ್ತೀನಿ.