ಲೆಕ್ಕ ಉಳಿಸಿದ ಗಡಿ, ಕಾನೂನು ಒಪ್ಪದ ಹಕ್ಕು

ಪ್ರಜಾಪ್ರಭುತ್ವದಲ್ಲಿ ಒಬ್ಬನ ಮತಕ್ಕೆ ಇನ್ನೊಬ್ಬನ ಮತದಷ್ಟೇ ಬೆಲೆಯಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಒಂದೆಡೆ ನಲವತ್ತು ಸಾವಿರ ಮತದಾರರಿಗೆ ಒಬ್ಬ ಪ್ರತಿನಿಧಿ, ಇನ್ನೊಂದೆಡೆ ತೊಂಬತ್ತು ಸಾವಿರ ಮತದಾರರಿಗೂ ಒಬ್ಬನೇ ಪ್ರತಿನಿಧಿ ಎಂದಾದರೆ ಅದನ್ನು ನ್ಯಾಯವೆನ್ನಲಾಗದು. ಆದರೆ ಸಮಾನತೆಯ ಹೆಸರಿನಲ್ಲಿ ತಲೆಯೆಣಿಕೆಯನ್ನೇ ನ್ಯಾಯದ ಏಕೈಕ ಮಾನದಂಡವನ್ನಾಗಿ ಮಾಡಿದರೆ ಸಣ್ಣ ಸಮುದಾಯಗಳ ಪಾಡೇನು? ತಮ್ಮ ನೆಲ, ಭಾಷೆ ಮತ್ತು ಚರಿತ್ರೆಯ ಆಧಾರದಲ್ಲಿ ತಮ್ಮದೇ ಆದ ಧ್ವನಿಯನ್ನು ಬಯಸುವವರಿಗೆ ಆ ಲೆಕ್ಕದಲ್ಲಿ ಸ್ಥಾನವೆಲ್ಲಿ? ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಕೌಂಟಿಯ ಇತ್ತೀಚಿನ ಅನುಭವವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಮೂರು ಕಡೆ ಸಮುದ್ರ, ಉಳಿದೊಂದು ಕಡೆ ಟೇಮರ್ ನದಿ. ಇದು ಕಾರ್ನ್‌ವಾಲಿನ ಎಲ್ಲೆ. ನದಿಯಾಚೆಗೆ ಡೆವನ್ ಕೌಂಟಿ. ಹತ್ತನೆಯ ಶತಮಾನದಲ್ಲಿ ರಾಜ ಅಥೆಲ್‌ಸ್ಟನ್ ಈ ನದಿಯನ್ನು ಗಡಿಯಾಗಿ ನಿಗದಿಪಡಿಸಿದನೆಂಬ ಪ್ರತೀತಿಯಿದೆ. ಕಾರ್ನ್‌ವಾಲಿನ ಜನರಿಗೆ ಇಂಗ್ಲಿಷಿನಿಂದ ಬೇರೆಯಾದ, ವೇಲ್ಸಿನ ಭಾಷೆಗೆ ನಂಟಿರುವ ಸ್ವಂತ ಭಾಷೆಯೊಂದಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅದು ಬಹುತೇಕ ಮರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಅದಕ್ಕೆ ಮತ್ತೆ ಜೀವ ತುಂಬಿದರು. 2014ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರಕಾರವೇ ಕಾರ್ನ್‌ವಾಲಿನ ಜನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಂಗೀಕರಿಸಿತು. ಯುರೋಪಿನ ರಾಷ್ಟ್ರೀಯ ಅಲ್ಪಸಂಖ್ಯಾತರ ರಕ್ಷಣೆಯ ಒಡಂಬಡಿಕೆಯಡಿ ಸ್ಕಾಟ್, ವೆಲ್ಶ್ ಹಾಗೂ ಐರಿಷ್ ಜನರಿಗೆ ಇದ್ದ ಮನ್ನಣೆಯೇ ಇವರಿಗೂ ದೊರೆಯಿತು.

ಹಾಗಿದ್ದೂ ಅವರು ತಮ್ಮ ಗಡಿಯೊಳಗಿನಿಂದಲೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ವಿಷಯ ಬಂದಾಗ ನಡೆದದ್ದೇನು?

2010ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳ ಸಮ್ಮಿಶ್ರ ಸರಕಾರವು ಕಾಮನ್ಸ್ ಸಭೆಯ ಸ್ಥಾನಗಳನ್ನು 650ರಿಂದ 600ಕ್ಕೆ ಇಳಿಸಲು ಹೊರಟಿತು. 2011ರ ಕಾನೂನಿನ ಪ್ರಕಾರ ಪ್ರತಿಯೊಂದು ಕ್ಷೇತ್ರದ ಮತದಾರರ ಸಂಖ್ಯೆಯು ನಿಗದಿತ ಸರಾಸರಿಗಿಂತ ಶೇಕಡಾ 5ಕ್ಕಿಂತ ಹೆಚ್ಚೂ ಇರಕೂಡದು, ಕಡಿಮೆಯೂ ಇರಕೂಡದು. ಈ ಲೆಕ್ಕದಲ್ಲಿ ಕಾರ್ನ್‌ವಾಲಿಗೆ ಬಂದ ಪಾಲು ಐದು ಸ್ಥಾನಗಳಿಗೂ ಆರು ಸ್ಥಾನಗಳಿಗೂ ನಡುವಿನದು. ಐದು ಕ್ಷೇತ್ರಗಳನ್ನು ಮಾಡಿದರೆ ಒಂದೊಂದೂ ಮಿತಿಗಿಂತ ದೊಡ್ಡದು. ಆರು ಮಾಡಿದರೆ ಒಂದೊಂದೂ ಮಿತಿಗಿಂತ ಸಣ್ಣದು. ಉಳಿದ ದಾರಿ ಒಂದೇ: ಟೇಮರ್ ನದಿಯನ್ನು ದಾಟಿ ಡೆವನ್‌ನ ಮತದಾರರನ್ನು ಕೂಡಿಸಿಕೊಂಡು ಒಂದು ಬೆರಕೆ ಕ್ಷೇತ್ರ ರಚಿಸುವುದು. ಜನರು ಅದಕ್ಕೆ ವ್ಯಂಗ್ಯವಾಗಿ 'ಡೆವನ್‌ವಾಲ್' ಎಂದು ಹೆಸರಿಟ್ಟರು.

ಜನರ ವಿರೋಧಕ್ಕೆ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅದು ಟೇಮರ್ ನದಿ, ಅಮೆಜಾನ್ ಅಲ್ಲ ಎಂದು ಅವರು ಹೇಳಿದರು. ನದಿಯ ಅಗಲವನ್ನು ಅಳೆದು ಗಡಿಯ ಮಹತ್ವವನ್ನು ನಿರ್ಧರಿಸುವ ಈ ಧೋರಣೆಯೇ ಇಲ್ಲಿನ ಮೂಲ ಸಮಸ್ಯೆ ಎಂದು ನಾವು ಭಾವಿಸುತ್ತೇವೆ. ಬಹುಸಂಖ್ಯಾತರ ಕಣ್ಣಿಗೆ ಸಣ್ಣ ಹೊಳೆಯಾಗಿ ಕಾಣುವುದು ಅಲ್ಪಸಂಖ್ಯಾತರಿಗೆ ಸಾವಿರ ವರ್ಷಗಳ ಗುರುತಾಗಿರಬಹುದಲ್ಲವೇ?

ಇದು ಬರೇ ಭಾವನೆಯ ಪ್ರಶ್ನೆಯೆಂದು ತಳ್ಳಿಹಾಕುವಂತೆಯೂ ಇಲ್ಲ. 2016ರಲ್ಲಿ ಪ್ರಸ್ತಾವಿಸಲಾದ ಕ್ಷೇತ್ರದ ಹೆಸರು ಬಿಡ್‌ಫರ್ಡ್, ಬ್ಯೂಡ್ ಮತ್ತು ಲಾನ್‌ಸೆಸ್ಟನ್. ಇವುಗಳಲ್ಲಿ ಬಿಡ್‌ಫರ್ಡ್ ಇರುವುದು ಡೆವನ್‌ನಲ್ಲಿ. ಬ್ಯೂಡ್ ಮತ್ತು ಲಾನ್‌ಸೆಸ್ಟನ್ ಇರುವುದು ಕಾರ್ನ್‌ವಾಲಿನಲ್ಲಿ. ಕಾರ್ನ್‌ವಾಲಿನಲ್ಲಿ 2009ರಿಂದ ಶಾಲೆ, ರಸ್ತೆ, ವಸತಿ ಎಲ್ಲವೂ ಒಂದೇ ಕೌನ್ಸಿಲಿನ ಕೈಯಲ್ಲಿದೆ. ಡೆವನ್‌ನ ಆ ಭಾಗದಲ್ಲಿ ಜಿಲ್ಲಾ ಕೌನ್ಸಿಲ್ ಬೇರೆ, ಕೌಂಟಿ ಕೌನ್ಸಿಲ್ ಬೇರೆ. ಒಬ್ಬನೇ ಸದಸ್ಯನು ಇವೆಲ್ಲವುಗಳ ಬಾಗಿಲು ತಟ್ಟುತ್ತಾ ಅಲೆಯಬೇಕಾಗುತ್ತಿತ್ತು. ಎರಡು ಕೌಂಟಿಗಳ ನಡುವೆ ಹಿತಾಸಕ್ತಿಗಳ ತಿಕ್ಕಾಟ ಬಂದಾಗ ಆತ ಯಾರ ಪರವಾಗಿ ನಿಲ್ಲಬೇಕು?

ಹಾಗೆಂದು ಕಾರ್ನ್‌ವಾಲಿನ ಚರಿತ್ರೆಯೆಲ್ಲವೂ ನ್ಯಾಯದ ಚರಿತ್ರೆಯೆಂದು ಯಾರೂ ಭಾವಿಸಬೇಕಾಗಿಲ್ಲ. 1832ರ ಸುಧಾರಣಾ ಕಾನೂನಿಗೆ ಮುಂಚೆ ಇದೇ ಕೌಂಟಿ ಬ್ರಿಟಿಷ್ ಚುನಾವಣಾ ವ್ಯವಸ್ಥೆಯ ಹುಳುಕಿಗೆ ಉದಾಹರಣೆಯಾಗಿತ್ತು. ಆಗ ಕಾರ್ನ್‌ವಾಲ್ ಒಂದೇ 44 ಸದಸ್ಯರನ್ನು ಕಾಮನ್ಸ್ ಸಭೆಗೆ ಕಳುಹಿಸುತ್ತಿತ್ತು. ಇಡೀ ಸ್ಕಾಟ್ಲೆಂಡಿಗೆ ಇದ್ದದ್ದು 45 ಸ್ಥಾನಗಳು! ಬಾಸಿನಿಯಂತಹ ಪುಟ್ಟ ಹಳ್ಳಿಗೂ ಇಬ್ಬರು ಸದಸ್ಯರು. ಒಂದು ಹೊಳೆಯ ಆಚೆ ಈಚೆಗಿದ್ದ ಈಸ್ಟ್ ಲೂ ಮತ್ತು ವೆಸ್ಟ್ ಲೂ ಎಂಬೆರಡು ಊರುಗಳಿಗೆ ತಲಾ ಇಬ್ಬರು. ಆದರೆ ಕಾರ್ಖಾನೆಗಳ ನಗರವಾಗಿ ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ಸ್ವಂತ ಸದಸ್ಯರೇ ಇರಲಿಲ್ಲ. ಜಮೀನುದಾರರೂ ಆಸ್ಥಾನದವರೂ ಕಾರ್ನ್‌ವಾಲಿನ ಸ್ಥಾನಗಳನ್ನು ತಮ್ಮ ಆಸ್ತಿಯಂತೆ ನಡೆಸುತ್ತಿದ್ದರು. ಗ್ರಾಂಪೌಂಡ್ ಎಂಬ ಊರಿನಲ್ಲಿ ಲಂಚದ ಹಾವಳಿ ಎಷ್ಟಿತ್ತೆಂದರೆ 1821ರಲ್ಲಿ ಅದರ ಎರಡೂ ಸ್ಥಾನಗಳನ್ನು ಕಿತ್ತು ಯಾರ್ಕ್‌ಶೈರಿಗೆ ಕೊಡಲಾಯಿತು. 1832ರ ಬಳಿಕ ಕಾರ್ನ್‌ವಾಲಿನ ಪಾಲು 14ಕ್ಕೆ ಇಳಿಯಿತು. 1885ರಲ್ಲಿ ಏಳು, 1918ರಲ್ಲಿ ಐದು, 2010ರ ಚುನಾವಣೆಯಿಂದ ಆರು.

ಈ ಇಳಿಕೆಯನ್ನು ಅನ್ಯಾಯವೆಂದು ಕರೆಯಲು ಸಾಧ್ಯವಿಲ್ಲ. ಅದು ಅರ್ಹತೆಗಿಂತ ಹೆಚ್ಚಾಗಿ ಪಡೆದದ್ದನ್ನು ಹಿಂತಿರುಗಿಸಿದ ಕ್ರಮವಾಗಿತ್ತು. ಇಂದು ಗಡಿಯ ರಕ್ಷಣೆ ಬೇಡುವವರು ಹಳೆಯ ಆ ವಿಶೇಷಾಧಿಕಾರವನ್ನು ಬೇಡುತ್ತಿಲ್ಲ. ಐದಾಗಲಿ, ಆರಾಗಲಿ, ತಮ್ಮ ಪಾಲಿನ ಕ್ಷೇತ್ರಗಳು ತಮ್ಮ ಎಲ್ಲೆಯೊಳಗಿರಲಿ ಎಂಬುದಷ್ಟೇ ಅವರ ಬೇಡಿಕೆ. ವಿಶೇಷಾಧಿಕಾರ ಬೇರೆ, ಅಸ್ತಿತ್ವದ ರಕ್ಷಣೆ ಬೇರೆ. ಅಲ್ಪಸಂಖ್ಯಾತರ ಪ್ರತಿಯೊಂದು ಬೇಡಿಕೆಯನ್ನೂ ಓಲೈಕೆಯ ಬೇಡಿಕೆಯೆಂದು ಬಿಂಬಿಸುವವರು ಈ ವ್ಯತ್ಯಾಸವನ್ನು ಬೇಕೆಂದೇ ಮರೆಮಾಚುತ್ತಾರೆ.

ಅಷ್ಟಕ್ಕೂ ಈ ಕಾನೂನಿನಲ್ಲಿ ವಿನಾಯಿತಿಗಳೇ ಇಲ್ಲವೇ? ಇವೆ. ಸ್ಕಾಟ್ಲೆಂಡಿನ ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಗಳಿಗೆ, ಪಶ್ಚಿಮ ದ್ವೀಪಗಳಿಗೆ ಮೊದಲೇ ವಿನಾಯಿತಿಯಿತ್ತು. ಮಸೂದೆ ಲಾರ್ಡ್ಸ್ ಸಭೆಗೆ ಬಂದಾಗ ಇಂಗ್ಲೆಂಡಿನದೇ ಐಲ್ ಆಫ್ ವೈಟ್ ದ್ವೀಪವನ್ನೂ ಸೇರಿಸಲಾಯಿತು. 2020ರ ಕಾನೂನು ವೇಲ್ಸಿನ ಆಂಗಲ್‌ಸಿ ದ್ವೀಪಕ್ಕೂ ರಕ್ಷಣೆ ಕೊಟ್ಟಿತು. ಐಲ್ ಆಫ್ ವೈಟ್‌ನ ಸುಮಾರು 1,11,000 ಮತದಾರರು ಈಗ ಇಬ್ಬರು ಸದಸ್ಯರನ್ನು ಆರಿಸುತ್ತಾರೆ. ಅಂದರೆ ಅಲ್ಲಿನ ಒಂದೊಂದು ಕ್ಷೇತ್ರವೂ ದೇಶದ ಸರಾಸರಿಗಿಂತ ಹೆಚ್ಚುಕಡಿಮೆ ಕಾಲು ಭಾಗದಷ್ಟು ಸಣ್ಣದು. ನಾವು ಇದನ್ನು ಆಕ್ಷೇಪಿಸುವುದಿಲ್ಲ. ದ್ವೀಪದವರಿಗೆ ತಮ್ಮದೇ ಕಷ್ಟಗಳಿವೆ. ಆದರೆ ಸಮುದ್ರದ ನೀರಿಗೆ ಕೊಟ್ಟ ಗೌರವವನ್ನು ಸಮುದಾಯವೊಂದರ ಚರಿತ್ರೆಗೆ ಏಕೆ ಕೊಡಲಾಗದು? ಉದಾಹರಣೆಗೆ, ಲೆಕ್ಕದಲ್ಲಿ ಐದೂವರೆ ಸ್ಥಾನಗಳ ಪಾಲಿರುವ ಕೌಂಟಿಗೆ ಆರು ಕ್ಷೇತ್ರಗಳನ್ನು ಕೊಟ್ಟರೆ ಒಂದೊಂದು ಕ್ಷೇತ್ರವೂ ಸರಾಸರಿಗಿಂತ ಸುಮಾರು ಶೇಕಡಾ 8ರಷ್ಟು ಮಾತ್ರ ಸಣ್ಣದಾಗುತ್ತದೆ. ಶೇಕಡಾ 25ನ್ನು ಸಹಿಸಿಕೊಂಡ ಕಾನೂನು ಶೇಕಡಾ 8ನ್ನು ಸಹಿಸದಿರುವುದು ಯಾವ ನ್ಯಾಯ?

ಕೊನೆಗೂ ಕಾರ್ನ್‌ವಾಲಿನ ಗಡಿ ಉಳಿದಿದೆ, ನಿಜ. ಆದರೆ ಅದು ಹೇಗೆ ಉಳಿಯಿತೆಂಬುದನ್ನು ಗಮನಿಸಬೇಕು. ಮೊದಲ ಬಾರಿಗೆ, 2013ರ ಜನವರಿಯಲ್ಲಿ, ಆಡಳಿತ ಪಕ್ಷಗಳ ನಡುವಿನ ಜಗಳದಿಂದ ಅದು ಉಳಿಯಿತು. ಲಾರ್ಡ್ಸ್ ಸಭೆಯ ಸುಧಾರಣೆ ಮುರಿದುಬಿದ್ದ ಸಿಟ್ಟಿನಲ್ಲಿ ಲಿಬರಲ್ ಡೆಮಾಕ್ರಾಟರು ಲೇಬರ್ ಪಕ್ಷದ ಜೊತೆ ಸೇರಿ ಪುನರ್ವಿಂಗಡಣೆಯನ್ನು ಮುಂದೂಡಿದರು. ಎರಡನೆಯ ಬಾರಿ, 2018ರಲ್ಲಿ ಆಯೋಗವು ತನ್ನ ಶಿಫಾರಸುಗಳನ್ನು ಸಲ್ಲಿಸಿದರೂ ಸರಕಾರ ಅವುಗಳನ್ನು ಜಾರಿಗೆ ತರಲಿಲ್ಲ. ಮೂರನೆಯ ಬಾರಿಗೆ, 600ರ ಯೋಜನೆಯನ್ನು ಕೈಬಿಟ್ಟು 650 ಸ್ಥಾನಗಳನ್ನೇ ಉಳಿಸಿಕೊಂಡ ಕಾರಣ 2023ರ ವಿಂಗಡಣೆಯಲ್ಲಿ ಸರಾಸರಿಯು 73,393 ಆಯಿತು. ಕ್ಷೇತ್ರವೊಂದರ ಮಿತಿ 69,724ರಿಂದ 77,062. ಕಾರ್ನ್‌ವಾಲಿನ ಮತದಾರರ ಸಂಖ್ಯೆ ಆರು ಕ್ಷೇತ್ರಗಳಿಗೆ ಸರಿಹೊಂದಿತು. 2024ರ ಜುಲೈ 4ರಂದು ಆ ಆರು ಕ್ಷೇತ್ರಗಳಲ್ಲಿ ನಾಲ್ಕನ್ನು ಲೇಬರ್, ಎರಡನ್ನು ಲಿಬರಲ್ ಡೆಮಾಕ್ರಾಟ್ ಪಕ್ಷ ಗೆದ್ದುಕೊಂಡವು.

ಒಮ್ಮೆ ಜಗಳ, ಒಮ್ಮೆ ಉದಾಸೀನ, ಒಮ್ಮೆ ಅಂಕಗಣಿತ. ಒಮ್ಮೆಯೂ ಹಕ್ಕಿನ ಬಲದಿಂದ ಅಲ್ಲ! ಮುಂದೆ ಕಾರ್ನ್‌ವಾಲಿನ ಪಾಲು 6.3ರಿಂದ 6.65ರ ನಡುವೆ ಬಂದು ನಿಂತರೆ ಆರು ಕ್ಷೇತ್ರಗಳೂ ಹೊಂದುವುದಿಲ್ಲ, ಏಳೂ ಹೊಂದುವುದಿಲ್ಲ; ಮತ್ತೆ ನದಿ ದಾಟುವುದು ಅನಿವಾರ್ಯ. ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. 2020ರ ಕಾನೂನಿನ ನಂತರ ಆಯೋಗದ ಅಂತಿಮ ಶಿಫಾರಸುಗಳು ಪಾರ್ಲಿಮೆಂಟಿನ ಮತಕ್ಕೆ ಬರುವುದಿಲ್ಲ, ತಾವಾಗಿಯೇ ಜಾರಿಯಾಗುತ್ತವೆ. ರಾಜಕಾರಣಿಗಳು ತಮ್ಮ ಲಾಭಕ್ಕಾಗಿ ಅಡ್ಡಗಾಲು ಹಾಕುವುದನ್ನು ಇದು ತಡೆಯುತ್ತದೆ ಎಂಬುದು ನಿಜ. ಆದರೆ ಕಾರ್ನ್‌ವಾಲನ್ನು ಹಿಂದೆ ಎರಡು ಬಾರಿ ಉಳಿಸಿದ ಬಾಗಿಲೂ ಇದರಿಂದ ಮುಚ್ಚಿಹೋಗಿದೆ. ಮುಂದಿನ ವಿಂಗಡಣೆ 2031ರ ಅಕ್ಟೋಬರ್‌ನೊಳಗೆ ಮುಗಿಯಬೇಕಾಗಿದೆ. ರಕ್ಷಣೆ ಬೇಕಿದ್ದರೆ ಅದು ಅದಕ್ಕೆ ಮುಂಚೆಯೇ ಕಾನೂನಿನಲ್ಲಿ ಬರೆಯಲ್ಪಡಬೇಕು.

ಇಲ್ಲಿ ದೋಷ ಇಂಗ್ಲೆಂಡಿನ ಗಡಿ ಆಯೋಗದ್ದಲ್ಲ. ಅದು ಪಕ್ಷಗಳಿಂದ ದೂರವಿರುವ ಸ್ವತಂತ್ರ ಸಂಸ್ಥೆ. ಜನರ ಅಹವಾಲುಗಳನ್ನು ಆಲಿಸುತ್ತದೆ, ಕರಡನ್ನು ತಿದ್ದುತ್ತದೆ. ಆಡಳಿತ ಪಕ್ಷವೇ ಗೆರೆ ಎಳೆಯುವ ದೇಶಗಳಿಗೆ ಹೋಲಿಸಿದರೆ ಇದು ಮೆಚ್ಚತಕ್ಕ ವ್ಯವಸ್ಥೆ. ಆದರೆ ಕೈಗೆ ಕೊಟ್ಟ ಅಳತೆಗೋಲೇ ಡೊಂಕಾಗಿದ್ದರೆ ಅಳೆಯುವವನ ಪ್ರಾಮಾಣಿಕತೆಯಿಂದ ಏನು ಪ್ರಯೋಜನ? ಆ ಅಳತೆಗೋಲಿನ ಇನ್ನೊಂದು ಕೊರತೆಯೆಂದರೆ ಅದು ಎಣಿಸುವುದು ಜನರನ್ನಲ್ಲ, ಮತದಾರರ ಪಟ್ಟಿಯಲ್ಲಿರುವ ಹೆಸರುಗಳನ್ನು. ಬ್ರಿಟನ್ನಿನಲ್ಲಿ 80 ಲಕ್ಷದಷ್ಟು ಅರ್ಹರು ಪಟ್ಟಿಯಲ್ಲಿ ಸರಿಯಾಗಿ ದಾಖಲಾಗಿಲ್ಲವೆಂದು ಚುನಾವಣಾ ಆಯೋಗವೇ 2023ರಲ್ಲಿ ಅಂದಾಜಿಸಿತ್ತು. ಯುವಕರೂ ಬಾಡಿಗೆ ಮನೆಗಳಲ್ಲಿರುವವರೂ ಅವರಲ್ಲಿ ಹೆಚ್ಚು. ಸಮಾನತೆಯ ಹೆಸರಿನಲ್ಲಿ ಮಾಡಿದ ಲೆಕ್ಕದಿಂದ ಬಡವನೇ ಹೊರಗುಳಿದರೆ ಅದನ್ನು ಸಮಾನತೆಯೆಂದು ಹೇಗೆ ಕರೆಯುವುದು?

ಯುರೋಪಿನ ಒಡಂಬಡಿಕೆಯ 15ನೇ ವಿಧಿಯು ರಾಷ್ಟ್ರೀಯ ಅಲ್ಪಸಂಖ್ಯಾತರು ಸಾರ್ವಜನಿಕ ವ್ಯವಹಾರಗಳಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸಲು ಬೇಕಾದ ಸ್ಥಿತಿಯನ್ನು ಸರಕಾರವು ನಿರ್ಮಿಸಬೇಕೆನ್ನುತ್ತದೆ. ಅದಕ್ಕೆ ಸಹಿ ಹಾಕಿದ ಬ್ರಿಟನ್ 2014ರಲ್ಲಿ ಕಾರ್ನ್‌ವಾಲಿನ ಜನರಿಗೆ ಮನ್ನಣೆಯ ಪತ್ರ ಕೊಟ್ಟಿತು; 2016ರಲ್ಲಿ ಅವರ ಗಡಿಯ ಮೇಲೆ ಹೊಸ ಕ್ಷೇತ್ರದ ಗೆರೆ ಎಳೆಯಲು ತನ್ನ ಕಾನೂನಿಗೆ ಅವಕಾಶ ಕೊಟ್ಟಿತು. ಸನ್ಮಾನದ ಶಾಲು ಹೊದಿಸಿ ಕೂರುವ ಕುರ್ಚಿಯನ್ನು ಎಳೆದುಕೊಂಡಂತಾಯಿತು ಇದು. ಹಬ್ಬದ ದಿನ ಧ್ವಜ ಹಾರಿಸಲು, ರಸ್ತೆಯ ಫಲಕಗಳಲ್ಲಿ ಹಳೆಯ ಭಾಷೆಯನ್ನು ಬರೆಯಲು ಅನುಮತಿಸಿ, ಶಾಸನಸಭೆಯ ವಿಷಯ ಬಂದಾಗ ಕೇವಲ ಅಂಕೆಗಳನ್ನಾಗಿ ಕಾಣುವುದಾದರೆ ಅಂತಹ ಮನ್ನಣೆ ಅಲಂಕಾರವಷ್ಟೇ ಆದೀತು.

ಪರಿಹಾರ ಕಷ್ಟದ್ದೇನಲ್ಲ. ಕಾರ್ನ್‌ವಾಲಿನ ಪಾಲು ಎಷ್ಟೇ ಬರಲಿ, ಅದನ್ನು ಸಮೀಪದ ಪೂರ್ಣ ಸಂಖ್ಯೆಗೆ ಹೊಂದಿಸಿ ಕ್ಷೇತ್ರಗಳನ್ನು ಕೌಂಟಿಯ ಒಳಗೇ ರಚಿಸಬೇಕೆಂಬ ಒಂದು ವಾಕ್ಯವನ್ನು ಕಾನೂನಿಗೆ ಸೇರಿಸಿದರೆ ಸಾಕು. ಅದರಿಂದ ಒಮ್ಮೆ ಒಂದು ಸ್ಥಾನದ ಅಂಶ ಹೆಚ್ಚಾದೀತು, ಇನ್ನೊಮ್ಮೆ ಕಡಿಮೆಯಾದೀತು. ಎರಡನ್ನೂ ಒಪ್ಪಿಕೊಳ್ಳಲು ಅಲ್ಲಿನ ಜನರು ಸಿದ್ಧರಿರಬೇಕು. ಗಡಿಯ ಹೆಸರಿನಲ್ಲಿ ಹೆಚ್ಚಿನ ಪಾಲನ್ನು ಕೇಳಕೂಡದು. ಸಮಾನತೆ ಮತ್ತು ಗುರುತು ಪರಸ್ಪರ ವೈರಿಗಳಲ್ಲ. ಅವುಗಳನ್ನು ವೈರಿಗಳನ್ನಾಗಿ ಮಾಡುವುದು ಅವಸರದಲ್ಲಿ ಬರೆದ ಕಾನೂನು ಮತ್ತು ಸಣ್ಣವರ ಮಾತನ್ನು ಹಗುರವಾಗಿ ಕಾಣುವ ಮನಸ್ಸು. ಸಂಖ್ಯೆಯು ದಯೆ ತೋರಿದಾಗ ಉಳಿದು, ಸಂಖ್ಯೆಯು ಮುನಿದಾಗ ಅಳಿಯುವುದು ಹಕ್ಕಲ್ಲ. 2031ರ ಲೆಕ್ಕ ಆರಂಭವಾಗುವ ಮುನ್ನವೇ ಬ್ರಿಟಿಷ್ ಪಾರ್ಲಿಮೆಂಟ್ ಈ ಸತ್ಯವನ್ನು ಮನಗಾಣಲಿ.