ಭತ್ತದ ಜೀನ್ ತಿದ್ದಿ, ದಾಖಲೆ ಮುಚ್ಚಿಡಬೇಡಿ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೆಹಲಿಯಲ್ಲಿ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಎರಡೂ ಜೀನ್ ತಿದ್ದುಪಡಿಯಿಂದ ಹುಟ್ಟಿದವು, ಎರಡೂ ಸರ್ಕಾರಿ ಪ್ರಯೋಗಾಲಯದ ಕೂಸುಗಳು. ದೆಹಲಿಯ ಪೂಸಾ ಸಂಸ್ಥೆ ರೂಪಿಸಿದ ‘ಪೂಸಾ ಡಿಎಸ್‌ಟಿ ರೈಸ್ 1’ ಉಪ್ಪು, ಕ್ಷಾರ ಕೂಡಿದ ಮಣ್ಣಿನಲ್ಲೂ ಫಸಲು ಕೊಡುತ್ತದೆಂದು ಹೇಳಲಾಯಿತು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’, ಅಂದರೆ ‘ಕಮಲಾ’, ಮೂಲ ತಳಿಗಿಂತ ಶೇ 19ರಷ್ಟು ಹೆಚ್ಚು ಇಳುವರಿ ಕೊಟ್ಟು ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆಂದು ಪ್ರಕಟಿಸಲಾಯಿತು. ಈ ಕಮಲಾದ ಮೂಲ ತಳಿ ಸಾಂಬಾ ಮಸೂರಿ, ಬಾಪಟ್ಲದಲ್ಲಿ ಹುಟ್ಟಿದ ಬಿಪಿಟಿ 5204. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಬಿಪಿಟಿ ಎಂದರೆ ಸಾಕು, ಬೇರೆ ಪರಿಚಯ ಬೇಕಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು ಹಿಡಿದ ಗದ್ದೆಗಳಿಗೂ ಬರವಿಲ್ಲ. ಹಾಗಾಗಿ ದೆಹಲಿಯಲ್ಲಿ ಬಿಡುಗಡೆಯಾದ ಈ ಬೀಜಗಳ ಪ್ರಶ್ನೆ ನಮ್ಮ ಅಂಗಳದ್ದು. ಈ ತಳಿಗಳು ಬರಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಅವುಗಳ ಜೀನೋಮ್ ದಾಖಲೆ, ಸುರಕ್ಷತಾ ಪರೀಕ್ಷೆಯ ಫಲಿತಾಂಶ, ಊರೂರಿನ ಇಳುವರಿಯ ಲೆಕ್ಕ ಎಲ್ಲವೂ ಬೀಜಕ್ಕಿಂತ ಮೊದಲು ಜನರ ಕೈಗೆ ಬರಬೇಕು. ಇದನ್ನು ವಿಜ್ಞಾನಕ್ಕೆ ಹಾಕುವ ಅಡ್ಡಗಾಲು ಎಂದು ಭಾವಿಸುವವರು ಈ ದೇಶದ ಕಳೆದ ಇಪ್ಪತ್ತೈದು ವರ್ಷಗಳ ಅನುಭವವನ್ನು ಮರೆತಿದ್ದಾರೆ.

ಈ ತಂತ್ರಜ್ಞಾನ ಬಿಟಿ ಹತ್ತಿಯ ಹಾಗಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನನ್ನು ತಂದು ಗಿಡದೊಳಗೆ ಸೇರಿಸಲಾಗಿದೆ. ಕಮಲಾದಲ್ಲಿ ಹೊರಗಿನಿಂದ ತಂದು ಉಳಿಸಿಕೊಂಡದ್ದು ಏನೂ ಇಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಭತ್ತದ ಗಿಡದಲ್ಲಿ ಸೈಟೊಕೈನಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಒಡೆಯುವ ಕಿಣ್ವವೊಂದಿದೆ. ಆ ಕಿಣ್ವದ ಜೀನನ್ನು ಕ್ರಿಸ್ಪರ್ ಎಂಬ ಅಣುಗತ್ತರಿಯಿಂದ ನಿಗದಿತ ಜಾಗದಲ್ಲಿ ಕತ್ತರಿಸಿದರೆ, ಜೀವಕೋಶ ಆ ಗಾಯವನ್ನು ತಾನೇ ಕೂಡಿಸಿಕೊಳ್ಳುತ್ತದೆ. ಕೂಡಿಸುವಾಗ ಒಂದೆರಡು ಅಕ್ಷರ ತಪ್ಪುತ್ತದೆ, ಜೀನ್ ಕೆಲಸ ನಿಲ್ಲಿಸುತ್ತದೆ, ತೆನೆಯಲ್ಲಿ ಹಾರ್ಮೋನು ಉಳಿದು ಕಾಳಿನ ಸಂಖ್ಯೆ ಹೆಚ್ಚುತ್ತದೆ. ಕತ್ತರಿಯನ್ನು ಗಿಡದೊಳಗೆ ಒಯ್ದ ಹೊರಗಿನ ಡಿಎನ್‌ಎ ಮುಂದಿನ ಪೀಳಿಗೆಗಳಲ್ಲಿ ಬೇರ್ಪಟ್ಟು ಹೋಗುತ್ತದೆ, ಅದಿಲ್ಲದ ಸಸಿಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ. ಸೊಗಸಾದ ಕೆಲಸ ಇದು, ಅನುಮಾನವಿಲ್ಲ. ಆದರೆ ಈ ವಿವರಣೆಯಲ್ಲಿ ಎರಡು ಕಡೆ ನಂಬಿಕೆ ಕೆಲಸ ಮಾಡುತ್ತಿದೆ. ಕತ್ತರಿ ಹೇಳಿದ ಜಾಗದಲ್ಲಷ್ಟೇ ಕತ್ತರಿಸಿದೆ ಎಂಬುದು ಒಂದು, ಹೊರಗಿನ ಡಿಎನ್‌ಎ ಪೂರ್ತಿ ಹೋಗಿದೆ ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷಿಸಲು ಬರುತ್ತದೆ. ಪರೀಕ್ಷಿಸುವವರು ಯಾರು ಎಂಬಲ್ಲಿ ನನ್ನ ತಕರಾರು ಶುರುವಾಗುತ್ತದೆ.

2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂತಹ ತಳಿಗಳನ್ನು 1989ರ ಜೈವಿಕ ಸುರಕ್ಷತಾ ನಿಯಮಗಳ ಮುಖ್ಯ ಕಲಮುಗಳಿಂದ ಹೊರಗಿಟ್ಟಿತು. ಬಿಟಿ ಹತ್ತಿಯಂತಹ ಕುಲಾಂತರಿ ಬೆಳೆಗಳು ಹಾದುಹೋಗಬೇಕಾದ ಜಿಇಎಸಿ ಎಂಬ ಕೇಂದ್ರ ಸಮಿತಿಯ ಕಟ್ಟೆ ಇವುಗಳಿಗಿಲ್ಲ. ತಳಿಯನ್ನು ರೂಪಿಸಿದ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿಯೇ ‘ಇದರಲ್ಲಿ ಹೊರಗಿನ ಡಿಎನ್‌ಎ ಇಲ್ಲ’ ಎಂದು ತೀರ್ಮಾನಿಸಿ ಮೇಲಿನ ಸಮಿತಿಗೆ ತಿಳಿಸಿದರೆ, ಮುಂದಿನ ದಾರಿ ಉಳಿದ ತಳಿಗಳ ದಾರಿಯೇ. ತಾನೇ ಬರೆದ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ ಹಾಗೆ ಇದು. ಬರೆದವರು ಪ್ರಾಮಾಣಿಕರೇ ಇರಬಹುದು, ಉತ್ತರ ಸರಿಯೇ ಇರಬಹುದು. ಆದರೂ ಉತ್ತರಪತ್ರಿಕೆಯನ್ನು ಹೊರಗಿನವರೂ ನೋಡುವಂತೆ ಪ್ರಕಟಿಸಬೇಕೆಂದು ನಿಯಮದಲ್ಲಿಲ್ಲ. ಹೆಚ್ಚಿನ ಪರೀಕ್ಷೆ ಬೇಡವೆಂದರೆ ಒಪ್ಪಬಹುದು. ಮಾಡಿದ ಪರೀಕ್ಷೆಯನ್ನೂ ತೋರಿಸಬೇಕಿಲ್ಲ ಎಂದರೆ ಹೇಗೆ ಒಪ್ಪುವುದು?

ಹೊರಗಿನವರ ಕಣ್ಣು ಏಕೆ ಬೇಕು ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಲ್ಲಿನ ರೀಕಾಂಬಿನೆಟಿಕ್ಸ್ ಎಂಬ ಕಂಪನಿ ಜೀನ್ ತಿದ್ದಿ ಕೊಂಬಿಲ್ಲದ ಹೋರಿ ಕರುಗಳನ್ನು ಹುಟ್ಟಿಸಿತು. ಡೇರಿಗಳಲ್ಲಿ ಕರುಗಳ ಕೊಂಬು ಸುಡುವ ಹಿಂಸೆ ತಪ್ಪುತ್ತದೆಂದು ಎಲ್ಲರೂ ಮೆಚ್ಚಿದರು. ಬೇಕಾದ ಬದಲಾವಣೆ ಮಾತ್ರ ಆಗಿದೆ, ಬೇರೇನೂ ಸೇರಿಲ್ಲ ಎಂದು ಸಂಶೋಧಕರು ನಂಬಿದ್ದರು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಅದೇ ಕರುಗಳ ಜೀನೋಮ್ ದತ್ತಾಂಶವನ್ನು ಮತ್ತೆ ಜಾಲಾಡಿದಾಗ, ತಿದ್ದುಪಡಿಗೆ ಬಳಸಿದ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಪೂರ್ತಿಯಾಗಿ ಒಳಗೆ ಸೇರಿಕೊಂಡಿತ್ತು. ಅದರೊಂದಿಗೆ ಆ್ಯಂಟಿಬಯೋಟಿಕ್ ನಿರೋಧಕ ಜೀನ್‌ಗಳೂ ಇದ್ದವು. ಇಲ್ಲಿ ಮೋಸವಿರಲಿಲ್ಲ. ಸಂಶೋಧಕರು ತಾವು ಎಲ್ಲಿ ತಪ್ಪಾಗಬಹುದೆಂದು ಊಹಿಸಿದ್ದರೋ ಅಲ್ಲಿ ಹುಡುಕಿದ್ದರು, ತಪ್ಪು ಇನ್ನೆಲ್ಲೋ ಇತ್ತು. ಅದು ಸಿಕ್ಕಿದ್ದು ಆ ದತ್ತಾಂಶ ಸಾರ್ವಜನಿಕವಾಗಿ ಲಭ್ಯವಿದ್ದುದರಿಂದ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಅದೇ ಹೋರಿಯ ಸಂತತಿ ಡೇರಿಗಳಿಗೆ ಹರಡಿದ ಮೇಲೆ ಗೊತ್ತಾಗುತ್ತಿತ್ತು, ಅಥವಾ ಗೊತ್ತೇ ಆಗುತ್ತಿರಲಿಲ್ಲ.

‘ಅದು ಕಂಪನಿ, ಇದು ಸರ್ಕಾರಿ ಸಂಸ್ಥೆ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಮೇಲೆ ನಂಬಿಕೆಯಿಡಿ’ ಎನ್ನುವವರಿದ್ದಾರೆ. ಅವರು ಬಿಕಾನೇರಿ ನರ್ಮಾದ ಕಥೆಯನ್ನು ನೆನಪಿಸಿಕೊಳ್ಳಲಿ. ಬಿಟಿ ಹತ್ತಿಯ ಮಾರುಕಟ್ಟೆಯನ್ನು ಖಾಸಗಿ ಹೈಬ್ರಿಡ್‌ಗಳು ಆವರಿಸಿಕೊಂಡಿದ್ದ ಕಾಲ. ಹೈಬ್ರಿಡ್ ಆದ್ದರಿಂದ ರೈತ ಪ್ರತಿವರ್ಷ ಹೊಸ ಪ್ಯಾಕೆಟ್ ಕೊಳ್ಳಲೇಬೇಕು. ಆಗ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ದೆಹಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಸೇರಿ ಬಿಕಾನೇರಿ ನರ್ಮಾ ಎಂಬ ಸಾರ್ವಜನಿಕ ವಲಯದ ಬಿಟಿ ಹತ್ತಿಯನ್ನು ರೂಪಿಸಿದವು. ಅದು ಹೈಬ್ರಿಡ್ ಅಲ್ಲ, ತಳಿ. ರೈತ ತನ್ನ ಹೊಲದ ಬೀಜವನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದಿತ್ತು. 2009ರಲ್ಲಿ ಅದು ರೈತರ ಕೈಗೂ ಬಂತು. ಆದರೆ ಆ ಬೀಜದಲ್ಲಿ ಮಾನ್ಸಾಂಟೊ ಕಂಪನಿಯ ಎಂಒಎನ್ 531 ಜೀನ್ ಸೇರಿಕೊಂಡಿರುವುದು ಪತ್ತೆಯಾಗಿ ಮಾರಾಟ ನಿಂತಿತು. ಎಸ್.ಕೆ. ಸೊಪೋರಿ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟು ಆ ಬೆರಕೆಯನ್ನು ದೃಢಪಡಿಸಿತು. ವರ್ಷಗಟ್ಟಲೆ ದುಡಿದ ಕೆಲಸ, ರೈತನಿಗೆ ಬೀಜದ ಸ್ವಾತಂತ್ರ್ಯ ಕೊಡಬಹುದಾಗಿದ್ದ ಕೆಲಸ ಹೀಗೆ ಮಣ್ಣುಪಾಲಾಯಿತು. ಬಿಡುಗಡೆಗೆ ಮೊದಲೇ ಅದರ ಡಿಎನ್‌ಎ ದಾಖಲೆ ಹತ್ತು ಹೊರಗಿನ ಪ್ರಯೋಗಾಲಯಗಳ ಮುಂದೆ ಇದ್ದಿದ್ದರೆ, ದೋಷ ಬೀಜವಾಗಿ ಹೊಲಕ್ಕೆ ಇಳಿಯುವ ಮೊದಲೇ ತಿದ್ದಲು ಅವಕಾಶವಿತ್ತು. ಈ ನಷ್ಟದಿಂದ ಲಾಭವಾದದ್ದು ಯಾರಿಗೆ ಎಂದು ಯೋಚಿಸಿ: ಪ್ರತಿವರ್ಷ ಪ್ಯಾಕೆಟ್ ಮಾರುವವರಿಗೆ. ಸಾರ್ವಜನಿಕ ವಲಯದ ಬೀಜ ಗೆಲ್ಲಬೇಕೆಂದು ಬಯಸುವವರೇ ಅದರ ದಾಖಲೆ ಬಯಲಿಗಿಡಿ ಎಂದು ಗಟ್ಟಿಯಾಗಿ ಕೇಳಬೇಕು.

ಗುಟ್ಟಿನಿಂದ ಕೆಲಸ ಬೇಗ ಆಗುತ್ತದೆಂಬ ಭ್ರಮೆಯೂ ನಮ್ಮ ಅಧಿಕಾರಿಗಳಿಗಿದೆ. ನಡೆದದ್ದು ತದ್ವಿರುದ್ಧ. ಬಿಟಿ ಬದನೆಯ ಸುರಕ್ಷತಾ ದತ್ತಾಂಶ ಹೊರಬಂದದ್ದು ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ, ಕೊನೆಗೆ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ, 2008ರಲ್ಲಿ. ಅಷ್ಟರಲ್ಲಿ ‘ಏನನ್ನೋ ಮುಚ್ಚಿಡುತ್ತಿದ್ದಾರೆ’ ಎಂಬ ಮಾತು ಮನೆಮನೆ ತಲುಪಿತ್ತು. 2010ರ ಜನವರಿ, ಫೆಬ್ರವರಿಯಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸುವ ಹೊತ್ತಿಗೆ ಯಾರೂ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಫೆಬ್ರವರಿ 9ರಂದು ತಡೆ ಬಿತ್ತು, ಆ ತಡೆ ಇಂದಿಗೂ ಇದೆ. ಸಾಸಿವೆಯದೂ ಅದೇ ಹಾಡು. ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಾಲ್ ತಂಡದ ಡಿಎಂಎಚ್-11 ಸಾಸಿವೆಯ ವಿಚಾರದಲ್ಲಿ 2016ರಲ್ಲಿ ಸಚಿವಾಲಯ ಸಾರಾಂಶವೊಂದನ್ನು ಪ್ರಕಟಿಸಿತು. ಪೂರ್ತಿ ಕಡತ ಬೇಕಾದವರು ದೆಹಲಿಯ ಕಚೇರಿಗೆ ಬಂದು ಓದಿಕೊಳ್ಳಬೇಕಿತ್ತು. ರಾಯಚೂರಿನ ರೈತನೋ ಮೈಸೂರಿನ ಜೀವವಿಜ್ಞಾನ ಅಧ್ಯಾಪಕಿಯೋ ದೆಹಲಿಗೆ ರೈಲು ಹತ್ತಿ ಕಡತ ಓದಲಿ ಎಂಬುದು ಯಾವ ಸೀಮೆಯ ಪಾರದರ್ಶಕತೆ? 2022ರ ಅಕ್ಟೋಬರ್‌ನಲ್ಲಿ ಜಿಇಎಸಿ ಅನುಮತಿ ಕೊಟ್ಟಿತು, ವಿಷಯ ಮತ್ತೆ ಸುಪ್ರೀಂ ಕೋರ್ಟಿನಲ್ಲಿ. 2024ರ ಜುಲೈ 23ರಂದು ತೀರ್ಪು ಒಡೆಯಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಅನುಮತಿಯೇ ದೋಷಪೂರಿತ ಎಂದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾದರು. ದಾಖಲೆ ಪ್ರಕಟಿಸಲು ಹಿಂಜರಿದು ಉಳಿಸಿಕೊಂಡ ಸಮಯ ಎಷ್ಟೆಂದು ಲೆಕ್ಕ ಹಾಕುವುದು ಓದುಗರಿಗೆ ಬಿಟ್ಟದ್ದು.

ವಿಜ್ಞಾನಿಗಳಿಂದ ಬರುವ ಬಲವಾದ ಆಕ್ಷೇಪ ಒಂದಿದೆ, ಅದಕ್ಕೆ ಉತ್ತರಿಸಲೇಬೇಕು. ವಿಕಿರಣ ಹಾಯಿಸಿ ರೂಪಿಸಿದ ತಳಿಗಳನ್ನು ದಶಕಗಳಿಂದ ಬೆಳೆದು ತಿನ್ನುತ್ತಿದ್ದೇವೆ. ಭಾಭಾ ಅಣು ಸಂಶೋಧನಾ ಕೇಂದ್ರದ ಶೇಂಗಾ ತಳಿಗಳೇ ಅದಕ್ಕೆ ಸಾಕ್ಷಿ. ವಿಕಿರಣದಿಂದ ಎಲ್ಲಿ ಏನು ಬದಲಾಯಿತೆಂದು ಯಾರೂ ಕೇಳಲಿಲ್ಲ. ಅದಕ್ಕಿಂತ ಎಷ್ಟೋ ನಿಖರವಾದ ಕ್ರಿಸ್ಪರ್‌ಗೆ ಮಾತ್ರ ಏಕೆ ಈ ಶಂಕೆ ಎನ್ನುತ್ತಾರೆ. ಹೋಲಿಕೆ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಅಂದು ಕೇಳದಿದ್ದುದು ಅಂದು ನೋಡುವ ಸಾಧನ ಇರಲಿಲ್ಲವೆಂಬ ಕಾರಣಕ್ಕೂ ಹೌದು. ಇಂದು ಒಂದು ಭತ್ತದ ಗಿಡದ ಇಡೀ ಜೀನೋಮನ್ನು ಓದುವುದು ಸಂಶೋಧನಾ ಸಂಸ್ಥೆಗಳಿಗೆ ದಿನನಿತ್ಯದ ಕೆಲಸವಾಗಿದೆ. ನಿಖರತೆಯೇ ನಿಮ್ಮ ಹೆಗ್ಗಳಿಕೆಯಾದರೆ ಆ ನಿಖರತೆಯನ್ನು ತೋರಿಸಲು ಸಂಕೋಚವೇಕೆ? ಕುಲಾಂತರಿ ಬೆಳೆಗೆ ಮಾಡುವಷ್ಟು ವರ್ಷಗಳ ಪರೀಕ್ಷೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಕೈಯಲ್ಲಿರುವ ಕಡತವನ್ನು ಅಂತರ್ಜಾಲಕ್ಕೆ ಏರಿಸಿ ಎನ್ನುತ್ತಿದ್ದೇನೆ. ಅದಕ್ಕೆ ಒಂದು ಹಂಗಾಮೂ ಹಾಳಾಗುವುದಿಲ್ಲ. ಜಪಾನಿನಲ್ಲಿ 2021ರಿಂದ ಮಾರುಕಟ್ಟೆಯಲ್ಲಿರುವ ಜೀನ್ ತಿದ್ದಿದ ಟೊಮೆಟೊದ ಮಾಹಿತಿಯನ್ನು ಅಲ್ಲಿನ ಆರೋಗ್ಯ ಸಚಿವಾಲಯ ತನ್ನ ಜಾಲತಾಣದಲ್ಲಿ ಹಾಕಿದೆ. ಅದರಿಂದ ಅಲ್ಲಿ ಟೊಮೆಟೊ ನಿಂತುಹೋಗಲಿಲ್ಲ.

ಇನ್ನೊಂದು ಆಕ್ಷೇಪ, ದಾಖಲೆ ಕೊಟ್ಟರೆ ವಿರೋಧಿಗಳು ಅದನ್ನು ತಿರುಚುತ್ತಾರೆಂಬುದು. ತಿರುಚಬಹುದು. ಈ ಎರಡು ಭತ್ತಗಳ ವಿಷಯದಲ್ಲೇ ಅದರ ಪರೀಕ್ಷೆ ನಡೆದಿದೆ. ಅಖಿಲ ಭಾರತ ಭತ್ತ ಸಂಶೋಧನಾ ಯೋಜನೆಯ ವಾರ್ಷಿಕ ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಕುಲಾಂತರಿ ವಿರೋಧಿ ಒಕ್ಕೂಟ ಆ ವರದಿಗಳನ್ನೇ ಮುಂದಿಟ್ಟು, ಹೇಳಿಕೊಂಡಷ್ಟು ಇಳುವರಿ ಹಲವು ಕಡೆ ಬಂದಿಲ್ಲವೆಂದು 2025ರಲ್ಲಿ ಪ್ರಶ್ನಿಸಿತು. ಐಸಿಎಆರ್ ಆ ಆರೋಪವನ್ನು ತಳ್ಳಿಹಾಕಿತು. ಯಾರ ಲೆಕ್ಕ ಸರಿ ಎಂಬುದು ಬೇರೆ ಮಾತು. ಗಮನಿಸಬೇಕಾದದ್ದು, ಈ ಜಗಳ ಅಂಕಿಗಳ ಮೇಲೆ ನಡೆಯಿತು. ಎರಡೂ ಕಡೆಯವರನ್ನು ಒರೆಗೆ ಹಚ್ಚಲು ಮೂರನೆಯವರಿಗೆ ಸಾಧ್ಯವಿದೆ. ಜೀನೋಮ್ ವಿಷಯದಲ್ಲಿ ಆ ಅನುಕೂಲವಿಲ್ಲದಿದ್ದರೆ ಉಳಿಯುವುದು ‘ಸುರಕ್ಷಿತ’ ಎಂಬ ಘೋಷಣೆ ಮತ್ತು ‘ವಿಷ’ ಎಂಬ ಘೋಷಣೆ ಮಾತ್ರ.

ವಿರೋಧಿಸುವ ಗೆಳೆಯರಿಗೂ ಒಂದು ಮಾತು. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ನಮ್ಮ ಹೊಲದಲ್ಲಿ ನಮಗೆ ತಿಳಿಯದಂತೆ ಏನು ಬಿತ್ತುತ್ತಿದ್ದೀರಿ ಎಂಬ ಅಂದಿನ ಪ್ರಶ್ನೆ ನ್ಯಾಯವಾದದ್ದು, ಇಂದಿಗೂ ಅದರ ಕಾವು ಆರಿಲ್ಲ. ಆದರೆ ಪ್ರಯೋಗವನ್ನೇ ಸುಟ್ಟರೆ ಉತ್ತರವೂ ಸುಟ್ಟುಹೋಗುತ್ತದೆ. ತಡೆಯಿಂದ ಬದನೆಯ ಹೊಲಕ್ಕೆ ಕೀಟನಾಶಕ ಹೊಡೆಯುವುದು ನಿಲ್ಲಲಿಲ್ಲ. ಕಾಯಿಕೊರಕಕ್ಕೆ ಹೆದರಿ ಮತ್ತೆ ಮತ್ತೆ ಸಿಂಪಡಿಸಿದ ಕಾಯಿಯನ್ನೇ ನಾವು ತಿನ್ನುತ್ತಿದ್ದೇವೆ. 2013ರಲ್ಲಿ ಸಾರ್ವಜನಿಕ ಸಂಸ್ಥೆಯ ಮೂಲಕ ಬಿಟಿ ಬದನೆ ಬಿಡುಗಡೆ ಮಾಡಿದ ಬಾಂಗ್ಲಾದೇಶದಲ್ಲಿ ಕೀಟನಾಶಕದ ಬಳಕೆ ಗಣನೀಯವಾಗಿ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಬಿಟಿ ಬದನೆ ಅಕ್ರಮವಾಗಿ ಬೆಳೆದದ್ದು ಸಿಕ್ಕಿತು. ಕಳೆನಾಶಕ ತಡೆಯುವ ಹತ್ತಿ ಅನುಮತಿಯಿಲ್ಲದೆಯೇ ರಾಜ್ಯ ರಾಜ್ಯ ದಾಟಿದೆ. ನಿಷೇಧಿಸಿದ ಬೀಜದ ಮೇಲೆ ಯಾರ ನಿಗಾವೂ ಇರುವುದಿಲ್ಲ. ಹಾಗೆಂದು ಬಿಟ್ಟ ಬೀಜದ ಮೇಲೆ ನಿಗಾ ಇತ್ತೇ? ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನು ಜೀರ್ಣಿಸಿಕೊಳ್ಳಲು ಕಲಿತದ್ದು ಗುಜರಾತಿನಲ್ಲಿ 2010ರಲ್ಲೇ ದೃಢಪಟ್ಟಿತು, ಅದರ ಪೆಟ್ಟು ನಮ್ಮ ಹತ್ತಿ ಬೆಳೆಗಾರರವರೆಗೂ ಬಂತು. ಪರೀಕ್ಷೆ ಬಿಡುಗಡೆಯ ದಿನಕ್ಕೇ ಮುಗಿಯಬಾರದು.

ಕರ್ನಾಟಕ ಸರ್ಕಾರ ಇಲ್ಲಿ ಪ್ರೇಕ್ಷಕನಾಗಿ ಕೂರಬೇಕಿಲ್ಲ. ಕೃಷಿ ರಾಜ್ಯದ ವಿಷಯ. ಗಂಗಾವತಿಯಲ್ಲಿ ಸವುಳು ಮಣ್ಣಿನ ಮೇಲೆ ಕೆಲಸ ಮಾಡುವ ಸಂಶೋಧನಾ ಕೇಂದ್ರವಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಮಂಡ್ಯದಲ್ಲಿ ವಿ.ಸಿ. ಫಾರಂ ಇದೆ. ಕಮಲಾವನ್ನು ಬಿಪಿಟಿ 5204ರ ಪಕ್ಕದಲ್ಲೇ ನಮ್ಮ ನೀರಲ್ಲಿ, ನಮ್ಮ ಮಣ್ಣಲ್ಲಿ ಬೆಳೆದು, ಎಲ್ಲಿ ಗೆದ್ದಿತು ಎಲ್ಲಿ ಸೋತಿತು ಎಂಬುದನ್ನು ಊರಿನ ಹೆಸರು ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ಎರಡೂ ತಳಿಗಳ ಪೂರ್ತಿ ಜೀನೋಮ್ ದತ್ತಾಂಶವನ್ನು ಮೂಲ ತಳಿಯ ದತ್ತಾಂಶದೊಂದಿಗೆ ಬಿಡುಗಡೆ ಮಾಡುವಂತೆ ಐಸಿಎಆರ್‌ಗೆ ಬರೆಯಲಿ. ತೆರಿಗೆ ಹಣದಲ್ಲಿ ಆದ ಸಂಶೋಧನೆಗೆ ವ್ಯಾಪಾರದ ಗುಟ್ಟಿನ ನೆಪ ಹೊಂದುವುದಿಲ್ಲ. ಕ್ರಿಸ್ಪರ್ ಉಪಕರಣದ ಪೇಟೆಂಟ್ ವಿದೇಶಿ ಸಂಸ್ಥೆಗಳ ಬಳಿ ಇರುವುದರಿಂದ, ಯಾವ ಷರತ್ತಿನ ಮೇಲೆ ಪರವಾನಗಿ ಸಿಕ್ಕಿದೆ, ರೈತ ಬೀಜ ಎತ್ತಿಡಬಹುದೇ ಎಂಬುದನ್ನೂ ಅದರೊಂದಿಗೆ ಕೇಳಲಿ. ಬೀಜದ ಚೀಲದ ಮೇಲೆ ‘ಜೀನ್ ತಿದ್ದಿದ ತಳಿ’ ಎಂಬ ಸಾಲು ಇರಲಿ. ಬೀಜೋತ್ಪಾದನೆ ಮುಗಿದು ಚೀಲಗಳು ರೈತ ಸಂಪರ್ಕ ಕೇಂದ್ರಗಳಿಗೆ ಬರುವ ಮೊದಲೇ ಈ ಕೆಲಸ ಆಗಬೇಕು. ಬಿತ್ತನೆಯಾದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದ ಒತ್ತಡ ಯಾವ ಇಲಾಖೆಗೂ ಇರುವುದಿಲ್ಲ.