ನೀರು ಎಷ್ಟು, ಯಾವಾಗ?

ಹಾನಗಲ್ಲಿನ ಒಂದು ಕ್ರೈಸ್ತ ಮನೆಯಲ್ಲಿ ಕೂಸು ಹುಟ್ಟಿದೆ ಎಂದಿಟ್ಟುಕೊಳ್ಳಿ. ಆಯಿ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಬೆಳೆದವಳು. "ಕೂಸಿಗೆ ದೀಕ್ಷಾಸ್ನಾನ ಯಾವಾಗ ಮಾಡಸ್ತೀರಿ?" ಎಂಬುದು ಅವಳ ಮೊದಲ ಪ್ರಶ್ನೆ. ಶಿಗ್ಗಾವಿಯಲ್ಲಿರುವ ಅವಳ ಇನ್ನೊಬ್ಬ ಮಗ, ಕೂಸಿನ ಕಾಕಾ, ಈಚೆಗೆ ಪೆಂಟೆಕೊಸ್ತ್ ಪ್ರಾರ್ಥನೆಗೆ ಹೋಗುತ್ತಾನೆ. "ಅದಕ್ಕೇನ್ ತಿಳೀತೈತಿ ಯವ್ವಾ? ದೊಡ್ಡದಾಗಿ ತಾನಾಗೇ ಕೇಳ್ಲಿ, ಆಗ ವರದಾ ಹೊಳ್ಯಾಗ ಮುಳುಗಿಸೂಣು" ಎನ್ನುತ್ತಾನೆ. ಬಾಣಂತಿಯ ತವರಿನವರು ಕ್ಯಾಥೋಲಿಕರು. ಇಷ್ಟು ದಿನ ತಡ ಮಾಡಿದ್ದೇ ತಪ್ಪು ಎಂಬುದು ಅವರ ಮಾತು. ಯೇಸು ಸತ್ತು ಮೂರನೆಯ ದಿನ ಎದ್ದನೆಂಬುದರಲ್ಲಿ ಈ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ. ತಕರಾರಿರುವುದು ನೀರಿನ ಮೇಲೆ: ಎಷ್ಟು, ಯಾವಾಗ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿದ ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಇದ್ದವರೇ ಬೆರಳೆಣಿಕೆಯಷ್ಟು, ಅವರಲ್ಲೂ ಇಷ್ಟು ಪಂಗಡ ಯಾಕೆ ಎಂದು ನೆರೆಯವರು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ನಮ್ಮವರು ಸರಿ, ಉಳಿದವರಿಗೆ ಶ್ರದ್ಧೆಯಿಲ್ಲ. ಇನ್ನೊಂದು, ಇವೆಲ್ಲ ಸಣ್ಣ ಸಂಗತಿ, ದೇವರೊಬ್ಬನಾದರೆ ಸಾಕು. ಮೊದಲನೆಯದು ಎದುರಿನವನ ಪ್ರಾಮಾಣಿಕತೆಯನ್ನು ಅಲ್ಲಗಳೆಯುತ್ತದೆ, ಎರಡನೆಯದು ಅವನ ಪ್ರಶ್ನೆಯನ್ನೇ ಅಲ್ಲಗಳೆಯುತ್ತದೆ.

ಒಂದೇ ಗ್ರಂಥದಿಂದ ಹಲವು ದಾರಿ ಒಡೆಯುವುದು ಈ ನೆಲಕ್ಕೆ ಹೊಸತೇನೂ ಅಲ್ಲ. ಶಂಕರ, ರಾಮಾನುಜ, ಮಧ್ವ ಮೂವರೂ ಭಾಷ್ಯ ಬರೆದದ್ದು ಅದೇ ಬ್ರಹ್ಮಸೂತ್ರಗಳಿಗೆ. ಅವರಲ್ಲಿ ಯಾರನ್ನೂ ಶ್ರದ್ಧೆಯಿಲ್ಲದವರೆಂದು ನಾವು ಹೇಳುವುದಿಲ್ಲ. ಸೂತ್ರ ಚಿಕ್ಕದು, ಬದುಕು ದೊಡ್ಡದು. ನಡುವಿನ ಜಾಗವನ್ನು ಯಾರಾದರೂ ತುಂಬಲೇಬೇಕು.

ಕ್ರೈಸ್ತರಲ್ಲಿ ಆ ಜಾಗ ಎಲ್ಲಿದೆ ಎಂದು ತಿಳಿಯಲು ಕನ್ನಡ ಬೈಬಲಿನ ಮಾತುಗಳನ್ನೇ ನೋಡಬಹುದು. ಪ್ರಾಟೆಸ್ಟಂಟರ ಸತ್ಯವೇದದಲ್ಲಿ ದೇವರು 'ಯೆಹೋವ', ಕ್ಯಾಥೋಲಿಕರ ಬೈಬಲಿನಲ್ಲಿ 'ಸರ್ವೇಶ್ವರ'. ಇಲ್ಲಿ 'ಸುವಾರ್ತೆ', ಅಲ್ಲಿ 'ಶುಭಸಂದೇಶ'. ಇಲ್ಲಿ 'ಕರ್ತನ ಭೋಜನ', ಅಲ್ಲಿ 'ಪರಮಪ್ರಸಾದ'. ಭೋಜನವೆಂದರೆ ಪಂಕ್ತಿಯಲ್ಲಿ ಕೂತು ಉಣ್ಣುವುದು, ಯಜಮಾನನನ್ನು ನೆನೆಯುವುದು. ಪ್ರಸಾದವೆಂದರೆ ದೇವರ ಸನ್ನಿಧಿಯಿಂದ ಇಳಿದು ಬಂದದ್ದು; ಅದು ಬರೀ ಅನ್ನವಲ್ಲ. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆಯೋ ಇಲ್ಲವೋ ಎಂಬ ಯುರೋಪಿನ ಶತಮಾನಗಳ ವಾದ ಕನ್ನಡದಲ್ಲಿ ಈ ಎರಡು ಪದಗಳೊಳಗೆ ಕೂತಿದೆ.

ನೀರಿನ ವಿಷಯದಲ್ಲಂತೂ ಪದಗಳು ತಮ್ಮನ್ನು ಬಳಸುವವರಿಗೇ ಎದುರು ನಿಲ್ಲುತ್ತವೆ. 'ದೀಕ್ಷಾಸ್ನಾನ' ಎಂದು ಕರೆದು ಹಳೆಯ ಪ್ರಾಟೆಸ್ಟಂಟ್ ಸಭೆಗಳು ಕೂಸಿನ ತಲೆಗೆ ನಾಲ್ಕು ಹನಿ ಚಿಮುಕಿಸುತ್ತವೆ. ಹಾವೇರಿ ಸೀಮೆಯಲ್ಲಿ ಜಳಕವೆಂದರೆ ಮೈಯೆಲ್ಲ ತೊಯ್ಯಬೇಕು. ಇದ್ಯಾವ ಸ್ನಾನ ಎಂದು ಮುಳುಗಿಸುವವರು ಕೇಳಿದರೆ ಭಾಷೆ ಅವರ ಕಡೆಗೇ ಇದೆ. ಕ್ಯಾಥೋಲಿಕರ ಹಳೆಯ ಬಳಕೆ 'ಜ್ಞಾನಸ್ನಾನ'. ಜ್ಞಾನವೇ ಬಾರದ ಕೂಸಿಗೆ ಜ್ಞಾನಸ್ನಾನವೇ ಎಂದೂ ಕೇಳಬಹುದು. ಆದರೆ 'ದೀಕ್ಷೆ' ಎಂಬ ಮಾತು ಆಯಿಯ ಕಡೆಗೂ ವಾಲುತ್ತದೆ. ಲಿಂಗಾಯತ ಮನೆಗಳಲ್ಲಿ ಕೂಸಿಗೆ ಎಳೆತನದಲ್ಲೇ ಲಿಂಗ ಕಟ್ಟುತ್ತಾರೆ, ತಿಳಿವಳಿಕೆ ಬಂದ ಮೇಲೆ ದೀಕ್ಷೆಯಾಗುತ್ತದೆ. ಮೊದಲು ಮನೆತನದ ನಂಬಿಕೆ, ಆಮೇಲೆ ತನ್ನದು. ಶಿಶುವಿಗೆ ನೀರು, ಬೆಳೆದ ಮೇಲೆ ದೃಢೀಕರಣ ಎಂಬ ಕ್ರಮವೂ ಇದೇ ಬಗೆಯದು.

ಪದದ ಆಯ್ಕೆ ಎಷ್ಟು ಬಿಗಿಯಾದ ಸಂಗತಿಯೆಂದರೆ, 1830ರ ದಶಕದಲ್ಲಿ ಬ್ಯಾಪ್ಟಿಸ್ಟ್ ಮಿಶನರಿಗಳು ಬಂಗಾಳಿ ಬೈಬಲಿನಲ್ಲಿ 'ಮುಳುಗಿಸು' ಎಂಬ ಅರ್ಥದ ಪದವನ್ನೇ ಹಾಕುತ್ತೇವೆಂದು ಹಟ ಹಿಡಿದಾಗ ಬ್ರಿಟಿಷ್ ಮತ್ತು ವಿದೇಶೀ ಬೈಬಲ್ ಸೊಸೈಟಿ ಅವರಿಗೆ ಹಣ ಕೊಡಲು ಒಪ್ಪಲಿಲ್ಲ. ಗ್ರೀಕ್ ಮೂಲದ ಅರ್ಥ ಅದೇ ಎಂಬುದು ಅವರ ವಾದ. ಎಲ್ಲ ಸಭೆಗಳೂ ಓದುವ ಪುಸ್ತಕದಲ್ಲಿ ಒಂದೇ ಪಂಗಡದ ಅರ್ಥ ಬೇಡ ಎಂಬುದು ಸೊಸೈಟಿಯ ವಾದ. ಎರಡರಲ್ಲೂ ಹುರುಳಿತ್ತು. ಆದರೆ ಅನುವಾದಕ ಆ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ.

ಇನ್ನು ಎರಡು ಪಕ್ಷಗಳನ್ನು ತೂಗೋಣ. ಒಂದು ಪಕ್ಷದ ಪ್ರಕಾರ ತಿರುಳು ಒಂದೇ ಆದಮೇಲೆ ಬೇರೆ ಬೇರೆ ಇರುವುದೇ ಪಾಪ. ಆ ಪಕ್ಷಕ್ಕೆ ಧಾರವಾಡದ ಸೀಮೆಯಲ್ಲೇ ಒಳ್ಳೆಯ ಸಾಕ್ಷಿಯಿದೆ. ಅದರ ಕಥೆ ಮಾತ್ರ ಯುರೋಪಿನಿಂದ ಶುರುವಾಗುತ್ತದೆ: 1529ರಲ್ಲಿ ಮಾರ್ಬರ್ಗ್ ನಗರದಲ್ಲಿ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. ಬಾಸೆಲಿನ ಸುಧಾರಕ ಎಕೊಲಂಪಾಡಿಯಸ್ ಜ್ವಿಂಗ್ಲಿಯ ಜೊತೆಗಿದ್ದ. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಕೊನೆಯದರಲ್ಲಿ, ರೊಟ್ಟಿಯಲ್ಲಿ ಕ್ರಿಸ್ತನ ದೇಹವಿದೆಯೇ ಎಂಬ ಒಂದು ಅಂಶದ ಮೇಲೆ ಮಾತು ಮುರಿಯಿತು. ಸುಮಾರು ಮುನ್ನೂರು ವರ್ಷಗಳ ಮೇಲೆ, 1815ರಲ್ಲಿ, ಅದೇ ಬಾಸೆಲಿನಲ್ಲಿ ಹುಟ್ಟಿದ ಮಿಶನ್ನು ಜ್ವಿಂಗ್ಲಿಯ ಕಡೆಯ ಸ್ವಿಸ್ ರಿಫಾರ್ಮ್ಡ್ ಮನೆತನದವರನ್ನೂ ವ್ಯುರ್ಟೆಂಬರ್ಗಿನ ಲೂಥರನ್ನರನ್ನೂ ಒಂದೇ ನೊಗಕ್ಕೆ ಕಟ್ಟಿತು. ಅವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಲೂಥರ್ ಮತ್ತು ಜ್ವಿಂಗ್ಲಿ ಕೂಡಿ ಉಣ್ಣಲಾಗದ ಪಂಕ್ತಿಯಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಕನ್ನಡನಾಡಿನಲ್ಲಿ ಕೂಡಿ ಉಂಡರು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದ 33 ಮಂದಿ ಸೇರಿ ಒಂದು ಪ್ರಶ್ನೆ ಎತ್ತಿದರು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ನಡೆದ ಜಗಳದ ಹೊರೆಯನ್ನು ನಾವು ಯಾಕೆ ಹೊರಬೇಕು? ಅದರ ಫಲವಾಗಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆಯಿತು. ಬಿಷಪ್ಪರು ಇರಲಿ, ಆ ಪದವಿಗೆ ಅರ್ಥ ಹೇಳುವುದು ಅವರವರಿಗೆ ಬಿಟ್ಟದ್ದು ಎಂದು ಒಪ್ಪಂದ. ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ತಡವಾಗಿ ಒಳಬಂದವು. ಈಗ ಹಾವೇರಿಯ ಕಡೆಯ ಸಿಎಸ್‌ಐ ಸಭೆಗಳು ಧಾರವಾಡ ಕೇಂದ್ರವಾದ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೂ, ಕ್ಯಾಥೋಲಿಕರು 1953ರಲ್ಲಿ ಆದ ಬೆಳಗಾವಿ ಧರ್ಮಪ್ರಾಂತಕ್ಕೂ ಸೇರಿದ್ದಾರೆ.

ಎದುರು ಪಕ್ಷ ಹೇಳುವುದೇನು? ಅರ್ಥವನ್ನು ಅವರವರಿಗೆ ಬಿಟ್ಟು ಕೂಡಿದರೆ ಅದು ಕೂಡುವುದಲ್ಲ, ಪ್ರಶ್ನೆಯನ್ನು ಮುಚ್ಚಿಡುವುದು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಈ ದಕ್ಷಿಣ ಭಾರತದ ಯೋಜನೆಯ ವಿರುದ್ಧವೇ ಒಂದು ಕಿರುಹೊತ್ತಿಗೆ ಬರೆದ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹುಪಾಲು ಮಂದಿ 1947ರಲ್ಲಿ ಹೊರಗೇ ಉಳಿದರು. ಅಪೊಸ್ತಲರಿಂದ ಕೈಯಿಂದ ಕೈಗೆ ಇಳಿದು ಬಂದ ಅಧಿಕಾರವೆಂದು ನಂಬಿದ್ದನ್ನು ಅವರು ಒಗ್ಗಟ್ಟಿನ ಹೆಸರಿನಲ್ಲಿ ಬಿಡಲಾರದಾದರು. ಇದನ್ನು ಹಟವೆನ್ನುವುದು ಸುಲಭ. ಆದರೆ ತನಗೆ ನಿಜವೆಂದು ಕಂಡದ್ದನ್ನು ನಿಜವೆಂದೇ ಹಿಡಿಯುವವನಿಗೆ ಬೇರೆ ದಾರಿ ಯಾವುದು? ಕಾಲದ ಆಟವೂ ನೋಡಿ: ಮುಂದೆ ಒಳಬಂದ ಅದೇ ನಂದ್ಯಾಲದಲ್ಲೇ 2013ರಲ್ಲಿ ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಎಗ್ಗೋಣಿ ಪುಷ್ಪಲಲಿತಾ ಪದವಿಗೇರಿದರು.

ಮತ್ತೆ ಕೂಸಿನ ವಿಷಯಕ್ಕೆ ಬರೋಣ. ಆಯಿಯ ಪರವಾದ ವಾದ ಹೀಗಿದೆ: ಅಪೊಸ್ತಲರ ಕಾಲದಲ್ಲಿ ಮನೆಮಂದಿಯೆಲ್ಲ ದೀಕ್ಷಾಸ್ನಾನ ಪಡೆದರೆಂದು ಬೈಬಲಿನಲ್ಲಿದೆ, ಯೆಹೂದ್ಯರ ಗಂಡುಮಗು ಎಂಟನೆಯ ದಿನವೇ ಒಡಂಬಡಿಕೆಗೆ ಸೇರುತ್ತಿತ್ತು, ದೇವರ ಕೃಪೆ ನಮ್ಮ ತಿಳಿವಳಿಕೆಗಾಗಿ ಕಾಯುವುದಿಲ್ಲ. ಮಗನ ವಾದ: ಕೂಸಿಗೆ ನೀರು ಹಾಕಿದರೆಂದು ಹೊಸ ಒಡಂಬಡಿಕೆ ಎಲ್ಲೂ ನೇರವಾಗಿ ಹೇಳುವುದಿಲ್ಲ, ನಂಬುವುದು ಮೊದಲು, ನೀರು ಆಮೇಲೆ ಎಂಬುದೇ ಅಲ್ಲಿಯ ಕ್ರಮ, ಮುಳುಗಿ ಏಳುವುದು ಸತ್ತು ಹುಟ್ಟುವುದರ ಗುರುತು, ಅದನ್ನು ಇನ್ನೊಬ್ಬರ ಪರವಾಗಿ ಮಾಡಲಾಗದು. ಒಬ್ಬರು ಮೌನವನ್ನು ಅನುಮತಿಯೆಂದು ಓದುತ್ತಾರೆ, ಇನ್ನೊಬ್ಬರು ನಿಷೇಧವೆಂದು. ಓದಿದ್ದು ಅದೇ ಪುಟ.

ಕೆಲವು ವಾದಗಳು ಕೂತು ಮಾತಾಡಿದರೆ ಕರಗುತ್ತವೆ. ಮನುಷ್ಯ ನಂಬಿಕೆಯಿಂದ ನೀತಿವಂತನೋ, ಕ್ರಿಯೆಯಿಂದಲೋ ಎಂಬ ಲೂಥರ್ ಕಾಲದ ಜಗಳದಲ್ಲಿ ಕ್ಯಾಥೋಲಿಕರೂ ಲೂಥರನ್ನರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಮಾಡಿ, ಮೂಲಭೂತ ಸಂಗತಿಗಳಲ್ಲಿ ತಮಗೆ ಒಮ್ಮತವಿದೆ ಎಂದರು. ನೀರಿನ ಜಗಳ ಹಾಗೆ ಕರಗಲಿಲ್ಲ. 1970ರಲ್ಲಿ ನಾಗಪುರದಲ್ಲಿ ಆದ ಉತ್ತರ ಭಾರತ ಸಭೆ ಬ್ಯಾಪ್ಟಿಸ್ಟರನ್ನೂ ಒಳಗೊಂಡು, ಶಿಶುವಿಗೂ ಆಗಬಹುದು, ಬೆಳೆದವರಿಗೂ ಆಗಬಹುದು ಎಂದು ಎರಡನ್ನೂ ಒಪ್ಪಿತು. ಸಭೆಗೆ ಎರಡು ಕ್ರಮ ಇರಬಹುದು. ಆದರೆ ಒಂದು ಕೂಸಿಗೆ ಎರಡು ಇರಲಾರವು. ಎಳೆತನದಲ್ಲಿ ನೀರು ಬಿದ್ದವನು ದೊಡ್ಡವನಾಗಿ "ನನ್ನನ್ನು ಮುಳುಗಿಸಿರಿ" ಎಂದರೆ, ಮುಳುಗಿಸಿದವರು ಮೊದಲಿನದು ಆಗಿಯೇ ಇರಲಿಲ್ಲ ಎಂದಂತೆ. ಮುಳುಗಿಸದವರು ಅವನ ಮನಸ್ಸಾಕ್ಷಿಯನ್ನು ತಡೆದಂತೆ.

ನನಗೆ ತೋರುವುದು ಇಷ್ಟು. ಪ್ರಾಮಾಣಿಕ ಕ್ರೈಸ್ತರು ಒಡೆಯುವುದು ಹೆಚ್ಚಾಗಿ ನಂಬುವ ಜಾಗದಲ್ಲಲ್ಲ, ಮಾಡುವ ಜಾಗದಲ್ಲಿ. ಮನಸ್ಸು 'ಇರಬಹುದು' ಎನ್ನಬಲ್ಲದು, ಕೈ ಹಾಗೆನ್ನಲಾರದು. ಕೂಸಿನ ತಲೆಗೆ ನೀರು ಬೀಳುತ್ತದೆ ಅಥವಾ ಬೀಳುವುದಿಲ್ಲ. ರೊಟ್ಟಿಯನ್ನು ಎದುರಿನವನಿಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ. ಆಸ್ತಿ, ಪದವಿ, ಜಾತಿ ಕೂಡ ಸಭೆಗಳನ್ನು ಒಡೆದಿವೆ, ಆಗ ಸಿದ್ಧಾಂತ ಬರೀ ಮುಸುಕು. ಆದರೆ ಆ ಮುಸುಕನ್ನು ತೆಗೆದರೂ ನೀರಿನ ಪ್ರಶ್ನೆ ಉಳಿಯುತ್ತದೆ.

ಹಾಗಾದರೆ ಕೂಡಿ ಬಾಳುವುದು ಹೇಗೆ? ಇದೇ ಸೀಮೆಯ ಒಬ್ಬ ಪಾದ್ರಿ ನೆನಪಾಗುತ್ತಾರೆ. ಧಾರವಾಡದಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಉತ್ತಂಗಿ ಚೆನ್ನಪ್ಪನವರು (1881–1962) ಹಿರೇಕೆರೂರು ಸೀಮೆಯ ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅದಕ್ಕಾಗಿ ಅವರು ತಮ್ಮ ನಂಬಿಕೆಯನ್ನು ತೆಳುಮಾಡಲಿಲ್ಲ, ಸರ್ವಜ್ಞನನ್ನು ಕ್ರೈಸ್ತನನ್ನಾಗಿಯೂ ಮಾಡಲಿಲ್ಲ. ಅವನ ಮಾತು ಅವನದೇ ಆಗಿ ಉಳಿಯಲಿ ಎಂದು ಪಾಠ ತಿದ್ದುತ್ತಾ ಕೂತರು.

ಹಾನಗಲ್ಲಿನ ಆ ಮನೆಯಲ್ಲಿ ಕೊನೆಗೆ ನಿರ್ಧರಿಸುವವರು ಕೂಸಿನ ಅಪ್ಪ–ಅವ್ವ. ಯಾವುದನ್ನು ಆರಿಸಿದರೂ ಮನೆಯಲ್ಲಿ ಒಬ್ಬರಿಗಾದರೂ ಅದು ತಪ್ಪಾಗಿಯೇ ಕಾಣುತ್ತದೆ. ಆ ದಿನ ಆಯಿ, ಕಾಕಾ, ತವರಿನವರು ಎಲ್ಲರೂ ಬರಲಿ. ಒಪ್ಪದಿದ್ದವರು ಒಪ್ಪಲಿಲ್ಲವೆಂದು ಹೇಳಿಯೇ ಕೂಸನ್ನು ಎತ್ತಿಕೊಳ್ಳಲಿ.